ಚುಕ್ಕೆಯೊಳಗಿನ ಮೋಡ: ಮಲಪ್ರಭೆಯ ಗುಂಟ ಒಂದು ಪ್ರವಾಸ

"ಸರ, ಉಪಗ್ರಹ ಮ್ಯಾಲಿಂದ ಎಲ್ಲಾ ನೋಡತೈತಿ ಅಂತ ಹೇಳಿದ್ರಿ. ಹಂಗಾದ್ರ ಆ ವರ್ಷ ನಮ್ಮ ಮನಿಗೆ ನೀರು ಬರೂದು ಅದಕ್ಕ ಕಾಣಲಿಲ್ಲೇನ್ರಿ?"

ಪ್ರಶ್ನೆ ಕೇಳಿದವಳು ಒಂಬತ್ತನೆಯ ತರಗತಿಯ ಹುಡುಗಿ. ರಾಮದುರ್ಗದಲ್ಲಿ ಹೊಳೆಗೆ ಹತ್ತಿರದ ಓಣಿಯೊಂದರ ನೇಕಾರರ ಮನೆಯ ಮಗಳು. 2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ಅವಳಿನ್ನೂ ಮೂರನೆಯ ಇಯತ್ತೆಯಲ್ಲಿದ್ದಳು. ಮಗ್ಗದ ಕುಣಿ ತುಂಬಿ, ನೂಲಿನ ಲಡಿ ತೊಯ್ದು, ಅವಳ ಪಾಟಿಚೀಲವೂ ಕೆಸರಿನ ಪಾಲಾಗಿತ್ತು. ಅದನ್ನೆಲ್ಲ ಅವಳು ದೂರುವ ಧಾಟಿಯಲ್ಲಿ ಹೇಳಲಿಲ್ಲ. ಲೆಕ್ಕ ತಪ್ಪಿದೆಯೇನೋ ಎಂದು ಕೇಳುವವಳ ಹಾಗೆ ಸುಮ್ಮನೆ ಕೇಳಿದಳು.

ನಾನು ಪುಸ್ತಕದ ಉತ್ತರ ಕೊಟ್ಟೆ. ನಮ್ಮ ಹವಾಮಾನ ಉಪಗ್ರಹದ ಚಿತ್ರ ಅಷ್ಟು ಸೂಕ್ಷ್ಮವಲ್ಲ, ಇನ್ನೂ ಸ್ಪಷ್ಟವಾದ ಚಿತ್ರ ಸಿಕ್ಕರೆ ಎಲ್ಲ ತಿಳಿಯುತ್ತದೆ ಎಂದೆ. ಹುಡುಗಿ ತಲೆಯಾಡಿಸಿ ಕುಳಿತಳು. ಮಾಸ್ತರರ ಮನಸ್ಸು ನೋಯಬಾರದೆಂದು ಮಕ್ಕಳು ತಲೆಯಾಡಿಸುವುದುಂಟು. ಮೂವತ್ತು ವರ್ಷ ಪಾಠ ಮಾಡಿದವನಿಗೆ ಅದು ಗೊತ್ತಾಗದೆ ಇರುವುದಿಲ್ಲ. ನನ್ನ ಉತ್ತರ ನಿಜವೆ ಎಂದು ನನಗೇ ಅನುಮಾನ ಹತ್ತಿತು. ಹೀಗಾಗಿ ಕಳೆದ ಜುಲೈ ತಿಂಗಳಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೆ, ಹೆಗಲಿಗೆ ಚೀಲ, ಕೈಯಲ್ಲಿ ಕೊಡೆ, ಚೀಲದಲ್ಲಿ ಉಪಗ್ರಹ ಚಿತ್ರದ ಒಂದು ಪ್ರಿಂಟು ಇಟ್ಟುಕೊಂಡು ಬಸ್ಸು ಹತ್ತಿದೆ. ನದಿ ಹರಿದು ಬರುವ ದಾರಿಯಲ್ಲಿ ಹಿಂದಕ್ಕೆ ಹೋಗುವುದು, ರಾಮದುರ್ಗದಿಂದ ಸವದತ್ತಿ, ಬೈಲಹೊಂಗಲ, ಕಿತ್ತೂರುಗಳ ಮೇಲೆ ಹಾಯ್ದು ಖಾನಾಪುರ ತಾಲ್ಲೂಕಿನ ಕಣಕುಂಬಿಯ ತನಕ ಮುಟ್ಟುವುದು ನನ್ನ ಯೋಜನೆಯಾಗಿತ್ತು. ಮಲಪ್ರಭೆ ಹುಟ್ಟುವುದು ಅಲ್ಲಿಯೇ, ಸಹ್ಯಾದ್ರಿಯ ನೆತ್ತಿಯಲ್ಲಿ.

ಎಳೆಯೂ ಹೂವೂ

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಪ್ರಿಂಟು ಬಿಚ್ಚಿದೆ. ಅದು ಇನ್ಸಾಟ್ ಉಪಗ್ರಹದ ಅವಕೆಂಪು ಚಿತ್ರ. ಇಡೀ ಭಾರತ ಅಂಗೈಯಗಲ ಕಾಣುತ್ತದೆ. ಅರಬ್ಬಿ ಸಮುದ್ರದ ಮೇಲಿಂದ ಪಶ್ಚಿಮ ಘಟ್ಟದ ತನಕ ಬಿಳಿಯ ಹತ್ತಿ ಹಿಂಜಿ ಹಾಸಿದಂತೆ ಮೋಡ. ಆದರೆ ನಮ್ಮ ಜಿಲ್ಲೆಯನ್ನು ಹುಡುಕಿ ಹಿಗ್ಗಿಸಿ ಮುದ್ರಿಸಿದರೆ ಮೋಡವೂ ಇಲ್ಲ, ಹೊಳೆಯೂ ಇಲ್ಲ. ಬೂದು ಬಣ್ಣದ ಚೌಕಗಳು ಮಾತ್ರ.

ಈ ಚೌಕವೇ ಚಿತ್ರದ ಚುಕ್ಕೆ. ಇದನ್ನು ನೇಕಾರರ ಮಕ್ಕಳಿಗೆ ವಿವರಿಸುವುದು ಸುಲಭ. ಬಟ್ಟೆಯಲ್ಲಿ ಎಳೆ ದಪ್ಪವಾದಷ್ಟೂ ನೇಯ್ದ ಹೂವು ಒರಟಾಗುತ್ತದೆ. ಒಂದು ಎಳೆಗಿಂತ ಸಣ್ಣ ಹೂವನ್ನು ಯಾವ ನೇಕಾರನೂ ನೇಯಲಾರ. ಹಾಗೆಯೇ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆಗಿಂತ ಸಣ್ಣದಾದದ್ದು ಬೇರೆಯಾಗಿ ಕಾಣಲಾರದು. ಆ ಚುಕ್ಕೆ ನೆಲದ ಮೇಲೆ ಎಷ್ಟು ಅಗಲವೆಂಬುದನ್ನೇ ಚಿತ್ರದ ರೆಸಲ್ಯೂಷನ್ ಎನ್ನುವರು.

ಹವಾಮಾನ ನೋಡುವ ಮೊದಲ ಉಪಗ್ರಹ, ಅಮೆರಿಕದ ಟೈರೋಸ್-1, ಆಕಾಶಕ್ಕೇರಿದ್ದು 1960ರ ಏಪ್ರಿಲ್ 1ರಂದು. ನಮ್ಮ ದೇಶದ ಮೇಲೆ ಹಗಲೂ ರಾತ್ರಿ ಕಣ್ಣಿಟ್ಟ ಇನ್ಸಾಟ್-1ಬಿ ಹೋದದ್ದು 1983ರಲ್ಲಿ, ಚಾಲೆಂಜರ್ ಎಂಬ ಬಾಹ್ಯಾಕಾಶ ನೌಕೆಯ ಹೊಟ್ಟೆಯಲ್ಲಿ ಕುಳಿತು. ದೂರದರ್ಶನದ ವಾರ್ತೆಯ ಕೊನೆಗೆ ತೋರಿಸುತ್ತಿದ್ದ ಕಪ್ಪು ಬಿಳುಪಿನ ಮೋಡದ ಚಿತ್ರ ನನ್ನ ವಯಸ್ಸಿನ ತಂದೆತಾಯಂದಿರಿಗೆ ನೆನಪಿರಬೇಕು. ಅದರ ಅವಕೆಂಪು ಚಿತ್ರದ ಒಂದು ಚುಕ್ಕೆ 11 ಕಿ.ಮೀ. ಉದ್ದ, 11 ಕಿ.ಮೀ. ಅಗಲ. 1992ರ ಇನ್ಸಾಟ್-2ಎಗೆ ಬರುವಷ್ಟರಲ್ಲಿ ಇದು 8 ಕಿ.ಮೀ. ಆಯಿತು. 2013ರ ಜುಲೈನಲ್ಲಿ ಹಾರಿದ ಇನ್ಸಾಟ್-3ಡಿ ಅದನ್ನು 4 ಕಿ.ಮೀ.ಗೆ ಇಳಿಸಿತು, ಹಗಲು ಬೆಳಕಿನ ಚಿತ್ರದಲ್ಲಿ 1 ಕಿ.ಮೀ. ಅದರ ಹಿಂದೆಯೇ 2016ರಲ್ಲಿ ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಇನ್ಸಾಟ್-3ಡಿಎಸ್ ಹೋದವು. ಹಳೆಯ ಒಂದು ಚುಕ್ಕೆಯಿದ್ದ ಜಾಗದಲ್ಲಿ ಈಗ ಏಳಕ್ಕೂ ಹೆಚ್ಚು ಚುಕ್ಕೆಗಳು ಹಿಡಿಯುತ್ತವೆ.

ಕಣಕುಂಬಿಯಿಂದ ರಾಮದುರ್ಗಕ್ಕೆ ನೇರ ಗೆರೆ ಎಳೆದರೆ ಸುಮಾರು 120 ಕಿ.ಮೀ. ನಲವತ್ತು ವರ್ಷಗಳ ಹಿಂದೆ ಅದು ಹನ್ನೊಂದು ಚುಕ್ಕೆಗಳ ದೂರ. ಈಗ ಮೂವತ್ತು ಚುಕ್ಕೆ. ನನ್ನ ಪ್ರವಾಸವೂ ಇಷ್ಟೇ: ರಾಮದುರ್ಗದಿಂದ ಸವದತ್ತಿಗೆ ಏಳು ಚುಕ್ಕೆ, ಅಲ್ಲಿಂದ ಬೈಲಹೊಂಗಲಕ್ಕೆ ಮತ್ತೆ ಏಳು, ಅಲ್ಲಿಂದ ಕಿತ್ತೂರಿಗೆ ಆರು. ಪೆನ್ಸಿಲ್ಲಿನಿಂದ ಒಂದೊಂದೇ ಗುರುತು ಹಾಕುತ್ತ ಹೊರಟೆ. ಪಕ್ಕದಲ್ಲಿ ಕುಳಿತ ಹೆಣ್ಣುಮಗಳು "ಕುಂಡಲಿ ಏನ್ರಿ ಅಣ್ಣಾರ?" ಎಂದು ಕೇಳಿದರು. ಒಂದು ರೀತಿಯಲ್ಲಿ ಅದು ನಮ್ಮೂರಿನ ಕುಂಡಲಿಯೇ ತಾನೆ?

ನವಿಲುತೀರ್ಥದ ಲೆಕ್ಕ

ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಗುಡ್ಡದ ಸಾಲನ್ನು ಸೀಳಿಕೊಂಡು ಮಲಪ್ರಭೆ ಹೊರಬರುವ ಕಣಿವೆಗೆ ಅಡ್ಡಲಾಗಿ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಎದ್ದಿತು. ಹಿಂದೆ ನಿಂತ ನೀರಿಗೆ ರೇಣುಕಾ ಸಾಗರವೆಂದು ಹೆಸರು. ಎಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷಾಂತರ ಭಕ್ತರಲ್ಲಿ ಅನೇಕರು ಈ ನೀರನ್ನೂ ಕಂಡು ಕೈಮುಗಿದು ಹೋಗುತ್ತಾರೆ.

ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಟಿಎಂಸಿ ಎಂಬ ಪದ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಮಕ್ಕಳಿಗೆ ಅದರ ಅಳತೆ ಮಾತ್ರ ಮನಸ್ಸಿಗೆ ಬರುವುದಿಲ್ಲ. ದಡದ ಮೇಲೆ ಕುಳಿತು ನಾನೊಂದು ಸರಳ ಲೆಕ್ಕ ಮಾಡಿದೆ. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು.

ಒಂದು ಚದರ ಕಿ.ಮೀ. ನೆಲದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಸಾವಿರ ಘನ ಮೀಟರ್, ಅಂದರೆ ಹತ್ತು ಲಕ್ಷ ಲೀಟರ್ ನೀರು. ಉಪಗ್ರಹದ ಅವಕೆಂಪು ಚಿತ್ರದ ಒಂದು ಚುಕ್ಕೆ 16 ಚದರ ಕಿ.ಮೀ. ಆ ಚುಕ್ಕೆಯ ಮೇಲೆ ನೂರು ಮಿ.ಮೀ. ಸುರಿದರೆ 160 ಕೋಟಿ ಲೀಟರ್. ಘಟ್ಟದಲ್ಲಿ ಒಂದೇ ದಿನಕ್ಕೆ ನೂರು ಮಿ.ಮೀ. ಆಶ್ಚರ್ಯದ ಮಾತಲ್ಲ. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. ಹಾಗಾದರೆ ಬಿದ್ದ ನೀರೆಲ್ಲ ಇಂಗದೆ ಹರಿದು ಬಂತೆಂದು ಇಟ್ಟುಕೊಂಡರೆ, ಬರೀ ಹದಿನೆಂಟು ಚುಕ್ಕೆಗಳ ಮೇಲಿನ ಒಂದು ದಿನದ ಮಳೆ ಒಂದು ಟಿಎಂಸಿ ಆಗುತ್ತದೆ! ನನ್ನ ಪ್ರಿಂಟಿನಲ್ಲಿ ಹದಿನೆಂಟು ಚುಕ್ಕೆಗಳನ್ನು ಒಂದು ಬೆರಳಿನ ಉಗುರು ಮುಚ್ಚುತ್ತಿತ್ತು.

ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನ ಲೆಕ್ಕವನ್ನು ಕೇಳಿಸಿಕೊಂಡು ನಕ್ಕರು. "ನಮಗ ಲೆಕ್ಕ ಬ್ಯಾಡ್ರಿ ಮಾಸ್ತರ. ಆಶ್ಲೇಷಾ ಮಳಿ ಕಣಕುಂಬ್ಯಾಗ ಜೋರ್ ಹಿಡೀತಂದ್ರ ಇಲ್ಲಿ ನೀರಿನ ಬಣ್ಣ ಬದಲಾಗತೈತಿ. ಮೊದಲ ಕೆಂಪಾಗಿ ಬರತೈತಿ, ಆಮ್ಯಾಲ ಏರತೈತಿ" ಎಂದರು. 2019ರ ಮಹಾಪೂರ ಬಂದದ್ದೂ ಆಗಸ್ಟ್ ಮೊದಲ ಪಕ್ಷದ ಆಶ್ಲೇಷಾ ಮಳೆಯಲ್ಲಿಯೇ. ಜಲಾಶಯ ತುಂಬಿದ ಮೇಲೆ ಬರುವ ನೀರನ್ನು ಕೆಳಗೆ ಬಿಡಲೇಬೇಕು. ಕೆಳಗೆ ಮುನವಳ್ಳಿಯಿದೆ, ಅದರ ಕೆಳಗೆ ನಮ್ಮ ರಾಮದುರ್ಗವಿದೆ. ನಮ್ಮ ಓಣಿಗಳಿಗೆ ನುಗ್ಗಿದ್ದು ನಮ್ಮ ತಲೆಯ ಮೇಲಿನ ಮೋಡದ ನೀರಲ್ಲ; ಮೂವತ್ತು ಚುಕ್ಕೆಗಳ ಆಚೆಗಿನ ಮೋಡದ ನೀರು.

ಬೈಲಹೊಂಗಲದ ಇರುಳು

ಆ ರಾತ್ರಿ ಬೈಲಹೊಂಗಲದಲ್ಲಿ ನನ್ನ ಕಾಲೇಜು ದಿನಗಳ ಗೆಳೆಯನ ಮನೆಯಲ್ಲಿ ವಸ್ತಿ. ರಾಣಿ ಚೆನ್ನಮ್ಮ ತನ್ನ ಕೊನೆಯ ದಿನಗಳನ್ನು ಸೆರೆಯಲ್ಲಿ ಕಳೆದು 1829ರಲ್ಲಿ ಕಣ್ಣು ಮುಚ್ಚಿದ ಊರು ಇದು. ಸಂಜೆ ಅವಳ ಸಮಾಧಿಗೆ ನಮಸ್ಕರಿಸಿ ಬಂದು, ಊಟ ಮುಗಿಸಿ, ಗೆಳೆಯನ ಮಗಳ ಕಂಪ್ಯೂಟರಿನ ಮುಂದೆ ಕುಳಿತೆವು. ಆಕೆ ಎಂಜಿನಿಯರಿಂಗ್ ಓದುತ್ತಿದ್ದಾಳೆ. "ಕಾಕಾ, ನಾಲ್ಕು ಕಿಲೋಮೀಟರ್ ಯಾಕ್ರಿ? ಇದಕ್ಕಿಂತ ಚಲೋ ಚಿತ್ರ ಬೇಕಾದಷ್ಟು ಅದಾವು" ಎಂದು ಹುಡುಕತೊಡಗಿದಳು.

ನಮ್ಮ ಇಸ್ರೋದ ಅಹಮದಾಬಾದ್ ಕೇಂದ್ರ ನಡೆಸುವ ಮಾಸ್‌ಡ್ಯಾಕ್ ಎಂಬ ತಾಣದಲ್ಲಿ ಇನ್ಸಾಟ್ ಚಿತ್ರಗಳು ಎಲ್ಲರಿಗೂ ನೋಡಲು ಸಿಗುತ್ತವೆ. ಒಂದೊಂದು ಉಪಗ್ರಹ ಅರ್ಧ ಗಂಟೆಗೊಂದು ಚಿತ್ರ ತೆಗೆಯುತ್ತದೆ. ಇನ್ನೂ ಸೂಕ್ಷ್ಮವಾದದ್ದು ಬೇಕೆಂದರೆ ನಾಸಾದ ವರ್ಲ್ಡ್‌ವ್ಯೂ ಎಂಬ ತಾಣವುಂಟು. ಅಲ್ಲಿ 1999ರ ಟೆರ್ರಾ, 2002ರ ಆಕ್ವಾ ಉಪಗ್ರಹಗಳು ತೆಗೆದ ಚಿತ್ರಗಳಿವೆ. ಅವುಗಳ ಅತಿ ಸೂಕ್ಷ್ಮ ಚುಕ್ಕೆ 250 ಮೀಟರ್. ಹುಡುಗಿ ಜನವರಿ ತಿಂಗಳಿನ ಒಂದು ದಿನವನ್ನು ಆರಿಸಿದಳು. ಎಂಥ ಚಿತ್ರ! ರೇಣುಕಾ ಸಾಗರ ನೀಲಿ ಎಲೆಯ ಹಾಗೆ, ಅದರ ಅಂಚಿನ ಒಂದೊಂದು ಕೊರಕಲೂ ಕಾಣುವ ಹಾಗೆ. ಪೂರ್ವಕ್ಕೆ ಯರಿ ಹೊಲಗಳು, ಪಶ್ಚಿಮಕ್ಕೆ ಖಾನಾಪುರದ ಹಸಿರು ಕಾಡು. ಆಮೇಲೆ ಯುರೋಪಿನ ಸೆಂಟಿನೆಲ್-2 ಚಿತ್ರ ತೆಗೆದಳು. ಅದರ ಚುಕ್ಕೆ ಬರೀ 10 ಮೀಟರ್. ಬೈಲಹೊಂಗಲದ ಕಬ್ಬಿನ ಹೊಲಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

"ಈಗ 2019ರ ಆಗಸ್ಟ್ ತಗಿಯವ್ವ" ಎಂದೆ. ತೆಗೆದಳು. ಘಟ್ಟವಿಲ್ಲ, ಕಾಡಿಲ್ಲ, ಹೊಳೆಯಿಲ್ಲ. ಪಡುವಣಕ್ಕೆಲ್ಲ ಬಿಳಿಯ ಹೊದಿಕೆ. ಮುಂದಿನ ದಿನ ನೋಡಿದರೂ ಅದೇ. ಹುಡುಗಿ ಸುಮ್ಮನಾದಳು.

ಸ್ಪಷ್ಟವಾದ ಚಿತ್ರಕ್ಕೆ ತೆರಬೇಕಾದ ಬೆಲೆ ನಮಗೆ ಆಗ ಅರ್ಥವಾಯಿತು. ಟೆರ್ರಾದಂಥ ಉಪಗ್ರಹ ಸುಮಾರು 700 ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಓಡುತ್ತದೆ. ಹತ್ತಿರದಿಂದ ನೋಡುವುದರಿಂದ ಸೂಕ್ಷ್ಮವಾಗಿ ನೋಡುತ್ತದೆ, ಆದರೆ ನಮ್ಮೂರಿನ ಮೇಲೆ ನಿಲ್ಲುವುದಿಲ್ಲ. ಹಗಲಿಗೊಮ್ಮೆ ಹಾಯ್ದು ಹೋದರೆ ಮುಗಿಯಿತು. ಸೆಂಟಿನೆಲ್-2ರ ಜೋಡಿ ಉಪಗ್ರಹಗಳಿಗೆ ಒಂದೇ ಜಾಗಕ್ಕೆ ಮರಳಲು ಐದು ದಿನ ಬೇಕು. ಘಟ್ಟದ ಮಳೆ ಐದು ದಿನ ಕಾಯುತ್ತದೆಯೆ? ಇನ್ಸಾಟ್ ಇರುವುದು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿ ಭೂಮಿಯ ವೇಗಕ್ಕೆ ಸರಿಯಾಗಿ ಸುತ್ತುವುದರಿಂದ ನಮಗೆ ಅದು ಆಕಾಶದಲ್ಲಿ ಒಂದೇ ಕಡೆ ನಿಂತಂತೆ. ಕಣ್ಣು ಮುಚ್ಚದೆ ನೋಡುತ್ತದೆ, ಆದರೆ ದೂರದಿಂದ ನೋಡುತ್ತದೆ. ಹೊಲ ಕಾಯುವವನು ಮಂಚಿಕೆಯ ಮೇಲೆ ಕುಳಿತರೆ ಇಡೀ ಹೊಲ ಕಾಣುತ್ತದೆ, ತೆನೆಯೊಳಗಿನ ಹುಳ ಕಾಣುವುದಿಲ್ಲ. ಕೆಳಗಿಳಿದರೆ ಹುಳ ಕಾಣುತ್ತದೆ, ಹೊಲದ ಆ ತುದಿಗೆ ಇಳಿದ ಹಕ್ಕಿ ಕಾಣುವುದಿಲ್ಲ.

"ಜಪಾನಿನ ಹಿಮವಾರಿ ಐತಲ್ರಿ ಕಾಕಾ, ಅದೂ ಒಂದೇ ಕಡೆ ನಿಲ್ಲತೈತಿ, ಚುಕ್ಕಿ ಅರ್ಧ ಕಿಲೋಮೀಟರ್" ಎಂದಳು. ಜಾಣ ಹುಡುಗಿ. ಆದರೆ ಹಿಮವಾರಿ ನಿಂತಿರುವುದು 140 ಡಿಗ್ರಿ ಪೂರ್ವ ರೇಖಾಂಶದ ಬಳಿ. ಅದಕ್ಕೆ ನಾವು ಭೂಗೋಲದ ಅಂಚಿನಲ್ಲಿ ಓರೆಯಾಗಿ ಕಾಣುತ್ತೇವೆ. ಗೋಡೆಗೆ ಟಾರ್ಚ್ ಓರೆ ಹಿಡಿದರೆ ಬೆಳಕಿನ ವೃತ್ತ ಉದ್ದವಾಗುವ ಹಾಗೆ ಅದರ ಚುಕ್ಕೆ ಇಲ್ಲಿಗೆ ಬರುವಷ್ಟರಲ್ಲಿ ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ನಮ್ಮ ಇನ್ಸಾಟ್-3ಡಿಆರ್ ಅನ್ನು ನಿಲ್ಲಿಸಿದ್ದು 74 ಡಿಗ್ರಿ ರೇಖಾಂಶದಲ್ಲಿ. ಕಣಕುಂಬಿಯ ರೇಖಾಂಶವೂ ಹೆಚ್ಚು ಕಡಿಮೆ ಅಷ್ಟೇ! ನಮ್ಮ ಘಟ್ಟಕ್ಕೆ ಅದು ನೇರ ದಕ್ಷಿಣದ ದಿಕ್ಕಿನಲ್ಲಿ ನಿಂತ ಕಾವಲುಗಾರ. ಬೇರೆಯವರ ಮನೆಯ ದೀಪ ಎಷ್ಟು ಪ್ರಖರವಾಗಿದ್ದರೂ ನಮ್ಮ ಅಂಗಳಕ್ಕೆ ನಮ್ಮ ದೀಪವೇ ಬೇಕು.

ಕಿತ್ತೂರಿನ ಮೋಡ

ಭಾನುವಾರ ಬೆಳಿಗ್ಗೆ ಕಿತ್ತೂರಿಗೆ ಬಂದೆ. 1824ರಲ್ಲಿ ಕಂಪನಿ ಸರಕಾರದ ಥ್ಯಾಕರೆಯನ್ನು ಎದುರಿಸಿ ಗೆದ್ದ ಕೋಟೆಯ ಪಾಳುಗೋಡೆಗಳು ಮಳೆಗೆ ತೊಯ್ದು ಕಪ್ಪಾಗಿದ್ದವು. ಈ ಇಡೀ ಕೋಟೆ ಉಪಗ್ರಹದ ಹಗಲು ಚಿತ್ರದ ಒಂದೇ ಚುಕ್ಕೆಯೊಳಗೆ ಅಡಗಿ, ಇನ್ನೂ ಜಾಗ ಉಳಿಯುತ್ತದೆ. ಒಂದು ಚದರ ಕಿ.ಮೀ. ಎಂದರೆ 247 ಎಕರೆ.

ಕಿತ್ತೂರು ಸೀಮೆ ಬಯಲಿಗೂ ಮಲೆನಾಡಿಗೂ ನಡುವಿನ ಹೊಸ್ತಿಲು. ನಮ್ಮ ಕಡೆಯ ಜೋಳ, ಹೆಸರು, ಹತ್ತಿಯ ಹೊಲಗಳು ಹಿಂದೆ ಸರಿದು ಇಲ್ಲಿಂದ ಮುಂದೆ ಭತ್ತದ ಗದ್ದೆಗಳು ಕಾಣತೊಡಗುತ್ತವೆ. ರಾಮದುರ್ಗದಲ್ಲಿ ವರ್ಷಕ್ಕೆ ಆರುನೂರು ಮಿ.ಮೀ. ಆಸುಪಾಸು ಮಳೆ. ಕಣಕುಂಬಿಯಲ್ಲಿ ಮೂರು ಸಾವಿರ ಮಿ.ಮೀ.ಗೂ ಹೆಚ್ಚು. ಮೂವತ್ತು ಚುಕ್ಕೆಗಳೊಳಗೆ ಐದು ಪಟ್ಟು ಅಂತರ!

ಬಸ್ ನಿಲ್ದಾಣದ ಚಹಾದ ಅಂಗಡಿಯಲ್ಲಿ ನಿಂತು ಪಡುವಣಕ್ಕೆ ನೋಡಿದೆ. ಮೋಡ ಗುಡ್ಡಕ್ಕೆ ಅಂಟಿಕೊಂಡೇ ಇತ್ತು. ಗುಡುಗಿಲ್ಲ, ಮಿಂಚಿಲ್ಲ. ಎತ್ತರವೂ ಇಲ್ಲ. ತಗ್ಗು ಮೋಡದಿಂದ ಮಳೆ ಮಾತ್ರ ಎಡೆಬಿಡದೆ ಸುರಿಯುತ್ತಿತ್ತು. ಇಲ್ಲಿಯೇ ಉಪಗ್ರಹ ಎಡವುವುದು. ಅವಕೆಂಪು ಚಿತ್ರ ನಿಜವಾಗಿ ಅಳೆಯುವುದು ಮೋಡದ ನೆತ್ತಿಯ ತಾಪವನ್ನು. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರ, ಎತ್ತರವಿದ್ದಷ್ಟೂ ಮಳೆ ಜೋರು ಎಂಬುದು ಅದರ ಊಹೆ. ಚೈತ್ರ ವೈಶಾಖದ ಅಡ್ಡಮಳೆಯ ಗುಡುಗು ಮೋಡಗಳಿಗೆ ಈ ಊಹೆ ಬಹಳ ಮಟ್ಟಿಗೆ ಸರಿ. ಆದರೆ ಘಟ್ಟದಲ್ಲಿ ಸಮುದ್ರದ ತೇವದ ಗಾಳಿ ಗುಡ್ಡಕ್ಕೆ ಬಡಿದು ಮೇಲೇರಿ ಅಲ್ಲಿಯೇ ಮಳೆಯಾಗುತ್ತದೆ. ಆ ಮೋಡದ ನೆತ್ತಿ ಅಷ್ಟೇನೂ ತಣ್ಣಗಿರುವುದಿಲ್ಲ. ಉಪಗ್ರಹ ಇದನ್ನು ಸಾಧಾರಣ ಮೋಡವೆಂದು ಎಣಿಸುತ್ತದೆ. ಕೆಳಗೆ ಹಳ್ಳಕೊಳ್ಳ ತುಂಬಿ ಹರಿಯುತ್ತಿರುತ್ತವೆ. ಸಂತೆಯ ದಿನ ಮಾಳಿಗೆಯ ಮೇಲೆ ನಿಂತು ಕೊಡೆಗಳನ್ನು ನೋಡಿದ ಹಾಗೆ. ಕೊಡೆಯ ಬಣ್ಣ, ಅಂಚು, ತೇಪೆ ಎಲ್ಲ ಸ್ಪಷ್ಟವಾಗಿ ಕಂಡರೂ ಕೆಳಗೆ ಯಾರಿದ್ದಾರೆ ಎಂದು ಹೇಳಲಾಗದು.

ಇನ್ನೊಂದು ತೊಡಕೂ ಉಂಟು. ಒಂದು ಕಿ.ಮೀ. ಚುಕ್ಕೆಯ ಚಿತ್ರಕ್ಕೆ ಸೂರ್ಯನ ಬೆಳಕು ಬೇಕು. ಸಂಜೆಯಾದೊಡನೆ ಆ ಕಣ್ಣು ಮುಚ್ಚುತ್ತದೆ. ಉಳಿಯುವುದು ನಾಲ್ಕು ಕಿ.ಮೀ. ಚುಕ್ಕೆಯ ಅವಕೆಂಪು ಕಣ್ಣು ಮಾತ್ರ. ಮೋಡದ ಒಳಗೆ ಹೊಕ್ಕು ಹನಿಗಳನ್ನೇ ಎಣಿಸುವ ರಡಾರ್ ಬೇಕೆಂದರೆ ನಮಗೆ ಸಮೀಪದ ಪಣಜಿಯಲ್ಲಿ ಹವಾಮಾನ ಇಲಾಖೆಯ ಡಾಪ್ಲರ್ ರಡಾರ್ ಇದೆ. ರಡಾರಿನ ಅಲೆ ನೇರ ಗೆರೆಯಲ್ಲಿ ಹೋಗುವುದರಿಂದ ಬೆಟ್ಟ ಅಡ್ಡ ಬಂದರೆ ಬೆಟ್ಟದ ಹಿಂದಿನ ತಗ್ಗು ಮೋಡ ಅದಕ್ಕೂ ಮರೆಯಾಗುತ್ತದೆ. ಅಂತೂ ಬೆಟ್ಟದ ಸೀಮೆಯ ಹವೆಯನ್ನು ತಿಳಿಯುವುದು ಬಯಲಿನ ಹವೆಯನ್ನು ತಿಳಿದಷ್ಟು ಸುಲಭವಲ್ಲ.

ಕಣಕುಂಬಿಯಲ್ಲಿ

ಕಿತ್ತೂರಿನಿಂದ ಬೀಡಿಯ ಮೇಲೆ ಖಾನಾಪುರ, ಅಲ್ಲಿಂದ ಜಾಂಬೋಟಿ, ಅಲ್ಲಿಂದ ಕಣಕುಂಬಿ. ಜಾಂಬೋಟಿ ದಾಟಿದ ಮೇಲೆ ಬಸ್ಸಿನ ಕಿಟಕಿಯ ಹೊರಗೆ ಕಾಡೂ ಕಾಣಲಿಲ್ಲ. ಬಸ್ಸೇ ಮೋಡದೊಳಗೆ ಹೊಕ್ಕಿತ್ತು. ಉಪಗ್ರಹದಲ್ಲಿ ಬಿಳಿಯ ಚುಕ್ಕೆಯಾಗಿ ಕಂಡದ್ದು ಹೀಗಿರುತ್ತದೆಯೆ ಎಂದುಕೊಂಡೆ. ದೀಪ ಹಚ್ಚಿಕೊಂಡು ಬಸ್ಸು ಮೆಲ್ಲಗೆ ಏರಿತು.

ಕಣಕುಂಬಿ ಸಮುದ್ರ ಮಟ್ಟದಿಂದ ಸುಮಾರು 790 ಮೀಟರ್ ಎತ್ತರದ ಪುಟ್ಟ ಊರು. ಕನ್ನಡ, ಮರಾಠಿ, ಕೊಂಕಣಿ ಒಂದೇ ಬಾಯಲ್ಲಿ ಬರುವ ಜನ. ಮಾವುಲಿ ದೇವಿಯ ಗುಡಿಯ ಬಳಿ ಮಲಪ್ರಭೆಯ ಉಗಮ. ನಮ್ಮ ಓಣಿಯೊಳಗೆ ಆಳೆತ್ತರ ನಿಂತ ಹೊಳೆ ಇದೇ ಏನು ಎಂದು ನಂಬಲಾಗದಷ್ಟು ಸಣ್ಣ ನೀರು. ಬಗ್ಗಿ ಬೊಗಸೆಯಲ್ಲಿ ತುಂಬಿಕೊಂಡೆ.

ಇದೇ ಸೀಮೆಯಲ್ಲಿ, ಕೆಲವೇ ಕಿ.ಮೀ. ಅಂತರದಲ್ಲಿ, ನೀರಿನ ದಾರಿ ಎರಡಾಗುತ್ತದೆ. ಏಣಿನ ಈಚೆ ಬಿದ್ದ ಹನಿ ಮಲಪ್ರಭೆಗೆ ಸೇರಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆಚೆ ಬಿದ್ದದ್ದು ಕಳಸಾ ಹಳ್ಳದ ಮೂಲಕ ಮಹದಾಯಿ ಸೇರಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ನನ್ನ ಪ್ರಿಂಟು ತೆಗೆದು ನೋಡಿದೆ. ಈ ಏಣು ನಾಲ್ಕು ಕಿ.ಮೀ.ಯ ಒಂದೇ ಚುಕ್ಕೆಯ ನಡುವೆ ಹಾಯ್ದು ಹೋಗಬಹುದು. ಚುಕ್ಕೆಯ ಬಣ್ಣ ಒಂದೇ. ಅದರೊಳಗಿನ ಮಳೆ ಅರ್ಧ ಗೋವೆಗೆ, ಅರ್ಧ ನಮ್ಮ ನೇಕಾರರ ಮಗ್ಗದ ಕುಣಿಗೆ! ಹುಡುಗಿಗೆ ನಾನು ಹೇಳಿದ ಉತ್ತರ ಪೂರ್ತಿ ಸುಳ್ಳೇನಲ್ಲ. ಇನ್ನೂ ಸೂಕ್ಷ್ಮವಾದ ಚಿತ್ರ ಬೇಕೇ ಬೇಕು. ಆದರೆ ಅದೊಂದೇ ಸಾಲದು.

ಊರಿನಲ್ಲಿ ತಂತಿಬೇಲಿಯೊಳಗಿನ ಮಳೆಮಾಪಕವೊಂದನ್ನು ನೋಡಲು ಹೋದೆ. ಸಾಧಾರಣ ಮಳೆಮಾಪಕದ ಬಾಯಿ 200 ಚದರ ಸೆಂಟಿಮೀಟರ್, ಒಂದು ಚಿಕ್ಕ ತಾಟಿನಷ್ಟು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಬರೆದಿಡುವುದು ದೇಶದಲ್ಲೆಲ್ಲ ಇರುವ ಕ್ರಮ. ಉಪಗ್ರಹದ ಒಂದು ಅವಕೆಂಪು ಚುಕ್ಕೆಯನ್ನು ತುಂಬಲು ಇಂಥ 80 ಕೋಟಿ ಬಾಯಿಗಳು ಬೇಕು! ಒಂದು ಇಡೀ ಸೀಮೆಯನ್ನು ಮಸುಕಾಗಿ ನೋಡುತ್ತದೆ, ಇನ್ನೊಂದು ತಾಟಿನಗಲ ಜಾಗವನ್ನು ತಪ್ಪಿಲ್ಲದೆ ಅಳೆಯುತ್ತದೆ. ಒಂದರ ತಪ್ಪನ್ನು ಇನ್ನೊಂದು ತಿದ್ದಬೇಕು. ಈಗ ಮನುಷ್ಯರು ಬರೆಯುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನೇ ಅಳೆದು ತಾನೇ ಸುದ್ದಿ ಕಳಿಸುವ ಮಳೆಮಾಪಕಗಳನ್ನು ಇರಿಸಿದೆ. ಒಳಗೆ ತಕ್ಕಡಿಯಂತೆ ತೂಗುವ ಪುಟ್ಟ ಬಟ್ಟಲು. ತುಂಬಿದಾಗಲೆಲ್ಲ ಮಗುಚಿ ಒಂದು ಎಣಿಕೆ ಒತ್ತುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡದ ಕೆಳಗಿರಲಿ, ಈ ಘಟ್ಟದ ನೆತ್ತಿಯಲ್ಲಿರಲಿ, ಅದರ ಎಣಿಕೆ ಬೆಂಗಳೂರನ್ನು ಮುಟ್ಟುತ್ತದೆ.

ಗುಡಿಯ ಕಟ್ಟೆಯ ಮೇಲೆ ಮಳೆಗೆ ನಿಂತಿದ್ದ ಅಜ್ಜನೊಬ್ಬರನ್ನು "ಅಜ್ಜಾರ, 2019ರಾಗ ಇಲ್ಲಿ ಹೆಂಗಿತ್ರಿ?" ಎಂದು ಕೇಳಿದೆ. "ಹಗಲಿಗೂ ರಾತ್ರಿಗೂ ಫರಕ ಇರಲಿಲ್ಲ. ಹಂಚಿನ ಮ್ಯಾಲಿನ ಸಪ್ಪಳ ನಿಲ್ಲಲೇ ಇಲ್ಲ. ಕೆಳಗಿನ ಮಂದಿ ಏನಾದ್ರೋ ಅಂತ ನಾವು ಮಾತಾಡಿಕೊಂಡ್ವಿ" ಎಂದರು. ತುಸು ತಡೆದು ಕೇಳಿದರು: "ನೀವು ಕೆಳಗಿನವರೇನು?"

ಹೌದೆಂದೆ. ಮೇಲಿನವರಿಗೆ ಅಂದೇ ಗೊತ್ತಿತ್ತು. ಆಕಾಶದಲ್ಲಿ ಉಪಗ್ರಹಕ್ಕೂ ಮೋಡ ಕಾಣುತ್ತಿತ್ತು. ಆದರೆ ಆ ಅರಿವು ಮೂವತ್ತು ಚುಕ್ಕೆ ಇಳಿದು, ಹೊಳೆಯ ದಂಡೆಯ ಒಂದು ಮನೆಯ ಬಾಗಿಲ ತನಕ, ಅಲ್ಲಿನವರಿಗೆ ಅರ್ಥವಾಗುವ ಮಾತಿನಲ್ಲಿ ಬಂದು ಮುಟ್ಟಿರಲಿಲ್ಲ.

ಮರಳಿ ತರಗತಿಗೆ

ಸೋಮವಾರ ತರಗತಿಯಲ್ಲಿ ಮೊದಲು ನನ್ನ ಉತ್ತರವನ್ನು ತಿದ್ದಿಕೊಂಡೆ. "ಅವತ್ತು ನಾ ಹೇಳಿದ್ದು ಅರ್ಧಾ ಖರೇ ಇತ್ತವ್ವ" ಎಂದು ಹುಡುಗಿಗೆ ಹೇಳಿದೆ. ಉಪಗ್ರಹಕ್ಕೆ ಮೋಡ ಕಂಡಿತ್ತು. ಮೋಡ ಕಾಣುವುದು ಬೇರೆ, ಮಳೆ ಅಳೆಯುವುದು ಬೇರೆ, ಅಳೆದದ್ದನ್ನು ಕೆಳಗಿನವರಿಗೆ ಹೊತ್ತಿಗೆ ಸರಿಯಾಗಿ ಹೇಳುವುದು ಮತ್ತೂ ಬೇರೆ. ಮೊದಲನೆಯ ಕೆಲಸಕ್ಕೆ ಹಾಸನದ ನಿಯಂತ್ರಣ ಕೇಂದ್ರದಿಂದ ನಡೆಸುವ ಉಪಗ್ರಹಗಳಿವೆ. ಎರಡನೆಯದಕ್ಕೆ ಮಳೆಮಾಪಕಗಳಿವೆ. ಮೂರನೆಯದರಲ್ಲಿ ನಮಗೂ ಪಾಲಿದೆ.

ಕಣಕುಂಬಿಯಲ್ಲಿ ಬಿದ್ದ ನೀರು ನವಿಲುತೀರ್ಥಕ್ಕೆ ಬರಲು, ಅಲ್ಲಿಂದ ರಾಮದುರ್ಗಕ್ಕೆ ಇಳಿಯಲು ಹೊತ್ತು ಬೇಕು. ಮೋಡ ಬೆಳಕಿನ ವೇಗದಲ್ಲಿ ಚಿತ್ರವಾಗಿ ಬರುತ್ತದೆ, ನೀರು ಹೊಳೆಯ ವೇಗದಲ್ಲಿ ಬರುತ್ತದೆ. ಈ ಎರಡರ ನಡುವಿನ ಹೊತ್ತೇ ಬಡವರ ಬಂಡವಾಳ. ಅಷ್ಟರಲ್ಲಿ ನೂಲಿನ ಲಡಿಯನ್ನು ಅಟ್ಟಕ್ಕೇರಿಸಬಹುದು, ದನ ಬಿಚ್ಚಬಹುದು, ಮುದುಕರನ್ನು ಎತ್ತರದ ಜಾಗಕ್ಕೆ ಸಾಗಿಸಬಹುದು, ಮಕ್ಕಳ ಪಾಟಿಚೀಲ ಉಳಿಸಬಹುದು.

ತಂದೆತಾಯಿಗಳಿಗೆ ಒಂದು ಮಾತು. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಬೆಳಗಾವಿ ಜಿಲ್ಲೆಗೆ ಕೊಟ್ಟಾಗ ನಮ್ಮೂರಿನ ಆಕಾಶ ನೋಡಿ "ಇಲ್ಲಿ ಬಿಸಿಲೈತಿ" ಎಂದು ನಗಬೇಡಿ. ದಿನಕ್ಕೆ 204.4 ಮಿ.ಮೀ. ಮೀರಿದ ಮಳೆಗೆ ಇಲಾಖೆ ಅತ್ಯಂತ ಭಾರಿ ಮಳೆಯೆಂದು ಹೆಸರಿಟ್ಟಿದೆ. ಅದು ಬೀಳುವುದು ಘಟ್ಟದಲ್ಲಿ, ಬಂದು ನಿಲ್ಲುವುದು ನಮ್ಮಲ್ಲಿ. ಮಳೆಗಾಲದಲ್ಲಿ ಮೊಬೈಲಿನಲ್ಲಿ ಏನೇನೋ ನೋಡುವ ಮಕ್ಕಳಿಗೆ ಎರಡು ನಿಮಿಷ ಇನ್ಸಾಟ್ ಚಿತ್ರವನ್ನೂ ಜಲಾಶಯದ ಮಟ್ಟವನ್ನೂ ನೋಡಿ ಮನೆಯವರಿಗೆ ಹೇಳಲು ಕಲಿಸಿ.

ನಮ್ಮ ತರಗತಿಯಲ್ಲಿ ಈಗ ಒಂದು ಸಣ್ಣ ಕೆಲಸ ನಡೆದಿದೆ. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಬೋರಲು ಹಾಕಿ, ಪಟ್ಟಿಯ ಅಳತೆ ಅಂಟಿಸಿ ಮಳೆಮಾಪಕ ಮಾಡಿದ್ದೇವೆ. ತಳ ಸಮವಾಗಿರದಿದ್ದರೆ ಅಳತೆಯ ಸೊನ್ನೆಯ ತನಕ ಮೊದಲೇ ನೀರು ತುಂಬಿಡಬೇಕು, ಅಷ್ಟೇ. ಬೆಳಿಗ್ಗೆ ಎಂಟೂವರೆಗೆ ಒಬ್ಬರು ಅಳತೆ ಬರೆಯುತ್ತಾರೆ. ಇನ್ನೊಬ್ಬರು ಉಪಗ್ರಹ ಚಿತ್ರದಲ್ಲಿ ಕಣಕುಂಬಿಯ ಚುಕ್ಕೆಯ ಬಣ್ಣ ಬರೆಯುತ್ತಾರೆ. ಮತ್ತೊಬ್ಬರು ನವಿಲುತೀರ್ಥದ ನೀರಿನ ಮಟ್ಟ ಬರೆಯುತ್ತಾರೆ. ಮೂರನ್ನೂ ಕರಿಹಲಗೆಯ ಮೂಲೆಯಲ್ಲಿ ಒಂದರ ಕೆಳಗೊಂದು ಬರೆದಿಡುತ್ತೇವೆ.

ನೀರಿನ ಮಟ್ಟ ಬರೆಯುವ ಕೆಲಸವನ್ನು ಆ ಹುಡುಗಿ ತಾನೇ ಕೇಳಿ ಪಡೆದಳು. ಒಂದು ದಿನ ಮಳೆಮಾಪಕದಲ್ಲಿ ಸೊನ್ನೆ, ಹೊರಗೆ ಬಿಸಿಲು, ಕಣಕುಂಬಿಯ ಚುಕ್ಕೆ ಮಾತ್ರ ಅಚ್ಚ ಬಿಳಿ. ಮಟ್ಟ ಬರೆದು ಮುಗಿಸಿದ ಹುಡುಗಿ ನನ್ನ ಹತ್ತಿರ ಬಂದು, "ಸರ, ಮಧ್ಯಾಹ್ನ ಊಟಕ್ಕ ಬಿಟ್ಟಾಗ ಮನಿಗೆ ಹೋಗಿ ಬರಲೇನ್ರಿ? ಅಪ್ಪಗ ಹೇಳಿ ಬರತೀನಿ" ಎಂದಳು.

ಹೋಗಿ ಬಾ ಎಂದೆ.